ಮಾರ್ಗರೆಟ್ ರಿವರ್ ಟೂರ್‌ಗೆ ಮೊದಲೇ ದುಡ್ಡು ಕೊಡುವವರು ಇದನ್ನು ಓದಿ

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವವರೆಲ್ಲ ಊರಿಂದ ಯಾರಾದರೂ ಬಂದರೆ ವೈನ್‌ಗೆ ಹೆಸರಾದ ಮಾರ್ಗರೆಟ್ ರಿವರ್ ಕಡೆಗೆ ಕರೆದುಕೊಂಡು ಹೋಗುತ್ತೀರಿ ಅಲ್ವಾ? ದಯವಿಟ್ಟು ಓದಿ. ಈ ಅಕ್ಟೋಬರ್‌ನಲ್ಲಿ ನನಗೆ 1,160 ಡಾಲರ್ ಪಂಗನಾಮ ಬಿತ್ತು. ದುಡ್ಡು ಹೋಗಲಿ, ಅಮ್ಮನ ವಿಷಯ ನೆನೆಸಿಕೊಂಡರೆ ಇನ್ನೂ ಹೊಟ್ಟೆ ಉರಿಯುತ್ತದೆ.

ಅಮ್ಮ, ಅಕ್ಕ, ಭಾವ ಶಿವಮೊಗ್ಗದಿಂದ ಬಂದಿದ್ದರು. ನಾನೇ ಕಾರು ಓಡಿಸಬಹುದಿತ್ತು, 270 ಕಿಲೋಮೀಟರ್, ಮೂರು ಗಂಟೆ. ಆದರೆ ಭಾವನಿಗೆ ವೈನ್ ರುಚಿ ನೋಡುವ ಆಸೆ, ಅವರ ಜೊತೆ ನಾನೂ ಕುಡಿದು ಗಾಡಿ ಓಡಿಸೋಕೆ ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ 0.05% ಅಂತ ಮಿತಿ ಇದೆ, ಯಾಕೆ ಸುಮ್ನೆ ರಿಸ್ಕ್ ಅಂತ ಟೂರ್ ಹುಡುಕಿದೆ. ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಬಂತು. ನಡೆಸುವವನು ಕನ್ನಡದವನು. ನಮ್ಮವನೇ, ಅಮ್ಮನಿಗೂ ಮಾತಾಡೋಕೆ ಅನುಕೂಲ ಅಂದುಕೊಂಡೆ. ಅಲ್ಲೇ ಎಡವಿದ್ದು.

ತಲೆಗೆ 290 ಡಾಲರ್. ನಮ್ಮ ಮನೆಯವರಿಗೆ ಮಾತ್ರ ವ್ಯಾನ್, ನಾಲ್ಕು ವೈನರಿಯಲ್ಲಿ ಫ್ರೀ ಟೇಸ್ಟಿಂಗ್, ಕೆನಾಲ್ ರಾಕ್ಸ್ ಅನ್ನುವ ಸಮುದ್ರದ ಬಂಡೆಗಳ ಹತ್ತಿರ ಓಡಾಟ, ಆಗಸ್ಟಾ ಅನ್ನುವ ಊರಲ್ಲಿ ತಿಮಿಂಗಿಲ. ಪೋಸ್ಟರ್ ತುಂಬ ಬೋಟ್, ಪಕ್ಕದಲ್ಲೇ ಬಾಲ ಎತ್ತಿದ ತಿಮಿಂಗಿಲ. ಒಂದೇ ದಿನದಲ್ಲಿ ಇಷ್ಟೆಲ್ಲ ಆಗುತ್ತಾ ಅಂತ ಕೇಳಿದೆ. "ದಿನಾ ಮಾಡ್ತೀವಿ ಅಣ್ಣ, ಟೆನ್ಷನ್ ತಗೋಬೇಡಿ" ಅಂದ. ಪೂರ್ತಿ ಹಣ ಅವನ ಅಕೌಂಟ್‌ಗೆ ಹಾಕಿದೆ.

ಬೆಳಗ್ಗೆ ಐದೂವರೆಗೆ ವ್ಯಾನ್ ಬಂತು. ಒಳಗೆ ಆಗಲೇ ಐದು ಜನ ಕೂತಿದ್ದರು! ಕೇಳಿದರೆ "ದಾರೀಲಿ ಇಳೀತಾರೆ ಅಣ್ಣ" ಅಂದ. ಯಾರೂ ಇಳಿಯಲಿಲ್ಲ, ರಾತ್ರಿ ವಾಪಸ್ ಬರುವವರೆಗೂ ಜೊತೆಗೇ ಇದ್ದರು.

ಮೊದಲ ವೈನರಿಯಲ್ಲೇ ಮರ್ಯಾದೆ ಹೋಯಿತು. ಕೌಂಟರ್‌ನಲ್ಲಿದ್ದ ಹುಡುಗಿ ಟ್ಯಾಬ್ಲೆಟ್ ನಮ್ಮ ಕಡೆ ತಿರುಗಿಸಿ, ಬೆರಳಿಟ್ಟು ಒಂದೊಂದೇ ಹೆಸರು ತೋರಿಸಿದಳು. ನಮ್ಮ ಹೆಸರೂ ಇಲ್ಲ, ಅವನ ಹೆಸರೂ ಇಲ್ಲ. ಒಂಬತ್ತು ಜನರಿಗೆ ಬುಕಿಂಗ್ ಇಲ್ಲದೆ ಆಗಲ್ಲ ಅಂದಳು, ಅವಳದೇನೂ ತಪ್ಪಿಲ್ಲ. ಇನ್ನೊಂದು ಕಡೆ ಒಳಗೆ ಬಿಟ್ಟರು, ಆದರೆ ಟೇಸ್ಟಿಂಗ್ ದುಡ್ಡು ನಮ್ಮದೇ. "ಬಾಟಲ್ ತಗೊಂಡ್ರೆ ಟೇಸ್ಟಿಂಗ್ ಫ್ರೀ ಅಣ್ಣ, ಅದನ್ನೇ ನಾನು ಹೇಳಿದ್ದು" ಅಂತೆ. ನಾಲ್ಕು ವೈನರಿ ಅಂದವನು ತೋರಿಸಿದ್ದು ಅದೊಂದೇ.

ಆಮೇಲೆ ಆಗಸ್ಟಾ. ಬೋಟ್‌ನಲ್ಲಿ ವಾಂತಿ ಆಗಬಾರದು ಅಂತ ಅಮ್ಮ ಮಾತ್ರೆ ನುಂಗಿ, ಸ್ವೆಟರ್ ಮೇಲೆ ಶಾಲು ಹೊದ್ದು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ದಡದಲ್ಲಿ ನಿಂತಿದ್ದರು. ಬೋಟ್ ಎಲ್ಲಿ ಅಂತ ನನ್ನನ್ನೇ ಎರಡು ಸಲ ಕೇಳಿದರು. ಅವನು ಫೋನ್ ಹಿಡಿದುಕೊಂಡು ಅತ್ತ ಹೋದ, ಇತ್ತ ಬಂದ. ಕೊನೆಗೆ ಅಲ್ಲೇ ಮೀನು ತೊಳೆಯುತ್ತಿದ್ದ ಊರಿನವರೊಬ್ಬರನ್ನು ನಾನೇ ಕೇಳಿದೆ. ಅವರು ಪಾಪ ಅನ್ನುವ ಹಾಗೆ ನೋಡಿದರು. ಆಗಸ್ಟಾದಲ್ಲಿ ತಿಮಿಂಗಿಲದ ಬೋಟ್ ಓಡುವುದು ಮೇ ಕೊನೆಯಿಂದ ಆಗಸ್ಟ್‌ವರೆಗೆ. ಸೆಪ್ಟೆಂಬರ್ ಆದ ಮೇಲೆ ತಾಯಿ ತಿಮಿಂಗಿಲಗಳು ಮರಿಗಳನ್ನು ಕರೆದುಕೊಂಡು ಜಿಯೋಗ್ರಾಫ್ ಕೊಲ್ಲಿಯಲ್ಲಿರುತ್ತವೆ, ಬೋಟ್‌ಗಳೂ ಡನ್ಸ್‌ಬರೋ ಕಡೆಯಿಂದ ಹೊರಡುತ್ತವೆ.

ಆ ಕೊಲ್ಲಿಯ ದಡದ ಬಸ್ಸೆಲ್ಟನ್‌ನಲ್ಲೇ ನಾವು ಬೆಳಗ್ಗೆ ಕಾಫಿ ಕುಡಿದಿದ್ದು. ತಿಮಿಂಗಿಲ ಇರುವ ಕಡೆಯಿಂದಲೇ ಎಬ್ಬಿಸಿಕೊಂಡು ಬಂದು, ಇಲ್ಲದ ಕಡೆ ತಂದು ನಿಲ್ಲಿಸಿದ್ದಾನೆ. ಅವನಿಗೆ ಗೊತ್ತಿರಲಿಲ್ಲವಾ? ದಿನಾ ಮಾಡುವವನಿಗೆ ಸೀಸನ್ ಗೊತ್ತಿಲ್ಲವಾ?

ಕೇಳಿದೆ. ಮೊದಲು "ಪ್ರಕೃತಿ ಅಣ್ಣ, ನಮ್ಮ ಕೈಲಿಲ್ಲ" ಅಂದ. ಊರಿನವರು ಹೇಳಿದ್ದನ್ನು ಹೇಳಿದೆ. ಆಗ "ನಾನು ಬೋಟ್ ಅಂತ ಎಲ್ಲಿ ಹೇಳಿದೆ? ಲೈಟ್‌ಹೌಸ್ ಹತ್ರ ದಡದಿಂದ ನೋಡಬಹುದು ಅಂದಿದ್ದು" ಅಂದ. ಪೋಸ್ಟರ್ ತೆಗೆದು ಮುಖದ ಮುಂದೆ ಹಿಡಿದೆ. "ಅದು ಡಿಸೈನ್‌ಗೆ ಹಾಕಿದ್ದು ಅಣ್ಣ." ಡಿಸೈನ್‌ಗೆ! ಅಮ್ಮನ ಎದುರಿಗೇ ಹೇಳಿದ. ಅಮ್ಮ ಶಾಲು ಮಡಚಿಕೊಂಡು "ಇರಲಿ ಬಿಡೋ, ಸಮುದ್ರ ನೋಡಿದೆವಲ್ಲ" ಅಂದರು. ಅಕ್ಕ, ಭಾವನ ಮುಖ ನೋಡೋಕೆ ನನಗೆ ಆಗಲಿಲ್ಲ.

ನಾನು ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕ್‌ನವರಿಗೆ ಹೇಳಿ ವಾಪಸ್ ಕೇಳಬಹುದಿತ್ತು. ಅಕೌಂಟ್‌ಗೆ ಹಾಕಿದ ಮೇಲೆ ಕಷ್ಟ. ನೀವು ಹಾಗೆ ಮಾಡಬೇಡಿ. ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ವೈನರಿಗಳ ಹೆಸರು ಕೇಳಿ, ನೀವೇ ಫೋನ್ ಮಾಡಿ ಬುಕಿಂಗ್ ಇದೆಯಾ ನೋಡಿ. ತಿಮಿಂಗಿಲ ಅಂದರೆ ಯಾವ ತಿಂಗಳು, ಯಾವ ಊರು, ಯಾವ ಬೋಟ್ ಅಂತ ಕೇಳಿ. ಕನ್ನಡದವನು ಅನ್ನುವುದಕ್ಕೆ ದುಡ್ಡು ಕೊಡಬೇಡಿ.

ನಾನು ಇಲ್ಲಿ ಗ್ರಾಹಕರ ದೂರು ನೋಡುವ ಸರ್ಕಾರಿ ಕಚೇರಿ ಕನ್ಸ್ಯೂಮರ್ ಪ್ರೊಟೆಕ್ಷನ್‌ಗೆ ದೂರು ಕೊಟ್ಟಿದ್ದೇನೆ, ಪೋಸ್ಟರ್, ಮೆಸೇಜ್ ಎಲ್ಲ ಸೇರಿಸಿ. ಅದು ಗೊತ್ತಾದ ಮೇಲೆ ನಿನ್ನೆ ಅವನೇ ಫೋನ್ ಮಾಡಿದ. 150 ಡಾಲರ್ ವಾಪಸ್ ಕೊಡ್ತೀನಿ, ಎಲ್ಲೂ ಬರೀಬೇಡಿ ಅಣ್ಣ ಅಂದ. ಬರೆಯುತ್ತೇನೆ ಅಂತ ಹೇಳಿಯೇ ಫೋನ್ ಇಟ್ಟೆ.