ನಮ್ಮ ಮನೆಯ ಜಾಹೀರಾತು, ಅವರ ಗಿರಾಕಿ

ಕಲಬುರಗಿಯ ಜೇವರ್ಗಿ ಕಾಲೊನಿಯಲ್ಲಿದ್ದ ತಂದೆಯವರ ಮನೆಯನ್ನು ಮಾರುವ ಹೊಣೆಯನ್ನು ನಾನು ಮತ್ತು ನನ್ನ ಅಕ್ಕ ಒಬ್ಬ ಏಜೆಂಟರಿಗೆ ಒಪ್ಪಿಸಿದೆವು. ಅಕ್ಕ ಪುಣೆಯಲ್ಲಿ, ನಾನು ಬೀದರಿನಲ್ಲಿ ಇರುವುದರಿಂದ ಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸಲು ಊರಿನಲ್ಲಿ ಒಬ್ಬರು ಬೇಕಿತ್ತು. ಅವರು ನೂರು ರೂಪಾಯಿಯ ಬಾಂಡ್ ಪೇಪರಿನ ಮೇಲೆ ಆರು ತಿಂಗಳ ಕರಾರು ಬರೆಸಿಕೊಂಡರು. ಆ ಅವಧಿಯಲ್ಲಿ ನಾವೇ ಗಿರಾಕಿ ಹುಡುಕಿಕೊಂಡರೂ ಅವರಿಗೆ ಎರಡು ಪ್ರತಿಶತ ದಲಾಲಿ ಸಲ್ಲಬೇಕೆಂಬ ಸಾಲು ಅದರಲ್ಲಿತ್ತು. ಅದನ್ನು ಓದಿಯೇ ಸಹಿ ಮಾಡಿದೆವು. ಓದಿದ್ದು ಅರ್ಥವಾದದ್ದು ಮಾತ್ರ ನಂತರ.

ನಾವು ಹೇಳಿದ ಬೆಲೆ 62 ಲಕ್ಷ. ಮೊದಲ ತಿಂಗಳು ಮನೆ ನೋಡಲು ಮೂರು ಕುಟುಂಬಗಳು ಬಂದವು, ಮೂರೂ ಒಳಗೆ ಕಾಲಿಟ್ಟ ಕೂಡಲೇ ಮುಖ ಸಣ್ಣದು ಮಾಡಿಕೊಂಡು ಹೋದವು. ಕಾರಣ ತಿಳಿದದ್ದು ಮೂರನೆಯವರು ತಮ್ಮ ಮೊಬೈಲಿನಲ್ಲಿದ್ದ ಜಾಹೀರಾತಿನ ಚಿತ್ರ ತೋರಿಸಿದಾಗ. ಹೊರಗಿನ ನೋಟ ನಮ್ಮದೇ. ಒಳಗಿನ ನೋಟ ಇನ್ಯಾರದೋ ಮನೆಯದು. ನಮ್ಮಲ್ಲಿರುವುದು ನಲವತ್ತು ವರ್ಷ ಹಳೆಯ ಶಹಾಬಾದ್ ಪರಸಿಯ ನೆಲ. ಬೇಸಿಗೆಯಲ್ಲಿ ಬರಿಗಾಲಿಗೆ ಅದರಷ್ಟು ಹಿತವಾದುದು ಬೇರೊಂದಿಲ್ಲ ಎಂದು ನಾನು ಈಗಲೂ ವಾದಿಸಬಲ್ಲೆ. ಚಿತ್ರದಲ್ಲಿ ಮಾತ್ರ ಹೊಳೆಯುವ ಬಿಳಿ ಟೈಲ್ಸ್ ಇದ್ದವು. ಕೆಳಗೆ ‘ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷ’ ಎಂಬ ಸಾಲು ಬೇರೆ. 2019ರಲ್ಲಿ ಆರಂಭವಾದ ಆ ನಿಲ್ದಾಣ ಸೇಡಂ ರಸ್ತೆಯ ಕಡೆಯ ಶ್ರೀನಿವಾಸ ಸರಡಗಿಯಲ್ಲಿದೆ, ಹತ್ತು ನಿಮಿಷದ ದಾರಿಯಲ್ಲ ಎಂಬುದು ಊರಿನ ಮಕ್ಕಳಿಗೂ ಗೊತ್ತು.

ಇದಿಷ್ಟೇ ಆಗಿದ್ದರೆ ಉತ್ಪ್ರೇಕ್ಷೆ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಎರಡನೆಯ ತಿಂಗಳಿನಿಂದ ಯಾರೂ ಬರಲೇ ಇಲ್ಲ. ನಮ್ಮ ಭಾವನವರು ಅಪರಿಚಿತರಂತೆ ಜಾಹೀರಾತಿನಲ್ಲಿದ್ದ ಸಂಖ್ಯೆಗೆ ಕರೆ ಮಾಡಿದಾಗ ನಿಜ ಹೊರಬಿತ್ತು. ನಾವು ಹೇಳಿದ್ದ ಬೆಲೆಯನ್ನು ಕೈಬಿಟ್ಟು ಏಜೆಂಟರು ಮನೆಯನ್ನು 48 ಲಕ್ಷಕ್ಕೆ ಜಾಹೀರಾತಿನಲ್ಲಿ ಹಾಕಿದ್ದರು. ಆ ಬೆಲೆಗೆ ಅಂಥ ಕಡೆ ಮನೆ ಸಿಗುತ್ತದೆಂದು ಆಸೆಪಟ್ಟು ಕರೆ ಮಾಡಿದವರಿಗೆ ಬರುತ್ತಿದ್ದ ಉತ್ತರ ಇದು: ‘ಆ ಮನಿ ಅಕ್ಕ-ತಮ್ಮರ ತಕರಾರಿನಾಗ ಅದರಿ ಸಾಹೇಬ್ರ, ನೀವು ನಮ್ ಪ್ಲಾಟ್ ನೋಡ್ ಬರ್ರಿ.’ ಆ ಪ್ಲಾಟುಗಳು ರಿಂಗ್ ರಸ್ತೆಯಾಚೆ ಅವರೇ ಪಾಲುದಾರರಾಗಿದ್ದ ಲೇಔಟಿನವು. ನಮ್ಮ ಮನೆ ಅವರಿಗೆ ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ದುಡ್ಡಿನ ನಷ್ಟಕ್ಕಿಂತ ಹೆಚ್ಚು ಕಾಡಿದ್ದು ‘ತಕರಾರು’ ಎಂಬ ಆ ಒಂದು ಮಾತು. ಓಣಿಯವರೂ ಅದನ್ನು ನಂಬಿದರು. ಮುಂದೆ ನಿಜವಾದ ಗಿರಾಕಿ ಬಂದಾಗ ಅವರ ಅನುಮಾನ ನಿವಾರಿಸಲು ಹಳೆಯ ವರ್ಷಗಳ ಋಣಭಾರ ಪ್ರಮಾಣಪತ್ರ, ವಂಶವೃಕ್ಷ, ಇ-ಖಾತಾ ಎಲ್ಲವನ್ನೂ ಮುಂದಿಡಬೇಕಾಯಿತು. ಅಷ್ಟರಲ್ಲಿ ಖರೀದಿ ಪತ್ರದ ನಕಲನ್ನೂ ಅಕ್ಕನ ಆಧಾರ್ ಪ್ರತಿಯನ್ನೂ ಏಜೆಂಟರು ವಾಟ್ಸಾಪ್ ಗುಂಪುಗಳಲ್ಲಿ ಹಂಚಿಯಾಗಿತ್ತು.

ಅವರ ಚೀಟಿಯ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಸಂಖ್ಯೆ ಅಚ್ಚಾಗಿದ್ದುದೇ ನಮಗೆ ದೊಡ್ಡ ಭರವಸೆಯಾಗಿತ್ತು. 2016ರ ಆ ಕಾಯ್ದೆ ಏಜೆಂಟರನ್ನು ನೋಂದಾಯಿಸುವುದು ನೋಂದಾಯಿತ ಯೋಜನೆಗಳ ನಿವೇಶನ, ಫ್ಲಾಟುಗಳ ಮಾರಾಟಕ್ಕಾಗಿ. ನಮ್ಮಂಥ ಹಳೆಯ ಮನೆ ಕೈ ಬದಲಾಯಿಸುವಾಗ ಆ ಸಂಖ್ಯೆಯನ್ನು ನೆಚ್ಚಿಕೊಂಡು ಕೂರಬಾರದು. ಕರಾರಿನಲ್ಲಿ ಜಾಹೀರಾತಿನ ಬೆಲೆ, ಚಿತ್ರ, ಒಕ್ಕಣೆ ನಮ್ಮ ಒಪ್ಪಿಗೆಯಿಲ್ಲದೆ ಬದಲಾಗಬಾರದು, ಅವಧಿ ಮುಗಿದ ದಿನವೇ ಎಲ್ಲವನ್ನೂ ತೆಗೆಯಬೇಕು ಎಂದು ಬರೆಸಿಕೊಂಡಿದ್ದರೆ ಕೇಳಲು ಒಂದು ಹಿಡಿತವಾದರೂ ಇರುತ್ತಿತ್ತು. ಕಾಗದಪತ್ರದ ಪ್ರತಿಯನ್ನು ಕೊಡದೆ ಕೇವಲ ತೋರಿಸಬೇಕಿತ್ತು. ವಾರಕ್ಕೊಮ್ಮೆ ಬೇರೆ ಫೋನಿನಿಂದ ಕರೆ ಮಾಡಿ ಕೇಳುವುದಕ್ಕೆ ಖರ್ಚೂ ಇಲ್ಲ, ನಾಚಿಕೆಯೂ ಬೇಡ.

ಕರಾರಿನ ಅವಧಿ ಮುಗಿದ ಮೇಲೆ ಹಿಂದಿನ ಓಣಿಯ ನಿವೃತ್ತ ಶಿಕ್ಷಕರೊಬ್ಬರು 57 ಲಕ್ಷಕ್ಕೆ ಮನೆ ಖರೀದಿಸಿದರು. ಕಳೆದ ವಾರ ಅವರೇ ಕರೆ ಮಾಡಿದ್ದರು: ‘ನಾ ಇರೋ ಮನಿ ಇನ್ನೂ 48 ಲಕ್ಷಕ್ಕ ಮಾರಾಟಕ್ಕ ಅದ ಅಂತ ಮೊಬೈಲಿನಾಗ ಬರ್ಲಿಕತ್ತದಲ್ರಿ?’