ಕಾರ್ ಶೆಡ್ಡಿನ ನೆಲಕ್ಕೆ ಎಪಾಕ್ಸಿ ಬಳಿಸುವವರ ಗಮನಕ್ಕೆ

ಕಾರ್ ಶೆಡ್ಡಿನ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ (ಎರಡು ದ್ರವಗಳನ್ನು ಬೆರೆಸಿ ಬಳಿಯುವ, ಗಟ್ಟಿಯಾಗಿ ಹೊಳೆಯುವ ಲೇಪ) ಬಳಿಸಬೇಕೆಂದಿರುವವರು, ಅದರಲ್ಲೂ ಕರಾವಳಿಯಲ್ಲಿ ಮನೆ ಮಾಡಿಕೊಂಡಿರುವವರು, ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ವಿನಂತಿ. 28 ಸಾವಿರ ರೂಪಾಯಿ ಕೊಟ್ಟು ನಾನು ಮಾಡಿಸಿದ ಕೆಲಸ ಐದು ತಿಂಗಳೂ ಬಾಳಲಿಲ್ಲ. ಅದನ್ನು ಉಜ್ಜಿ ತೆಗೆಸುವುದಕ್ಕೆ ಮತ್ತೆ 14 ಸಾವಿರ ಹೋಯಿತು.

ಮಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಶೆಡ್ಡು ಸುಮಾರು 300 ಚದರಡಿಯದು. ಕೆಂಪುಮಣ್ಣು ತುಂಬಿಸಿ, ಜಲ್ಲಿ ಹಾಸಿ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿದ ನೆಲ. ಕಾಂಕ್ರೀಟಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕೆಂಬುದು ಅಂದು ಮೇಸ್ತ್ರಿಗೂ ಹೊಳೆಯಲಿಲ್ಲ, ನನಗೂ ಗೊತ್ತಿರಲಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮಣ್ಣಿನ ತೇವವು ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಮೇಲೇರಿ ಆವಿಯಾಗುತ್ತಲೇ ಇರುತ್ತದೆ. ನೆಲ ಬರಿದಾಗಿರುವಷ್ಟು ಕಾಲ ಇದರಿಂದ ಯಾವ ತೊಂದರೆಯೂ ಇಲ್ಲ. ಆವಿಗೆ ದಾರಿ ಕೊಡದ ಪದರವೊಂದನ್ನು ಮೇಲೆ ಕೂರಿಸಿದಾಗಲೇ ಅದರ ಒತ್ತಡ ಏನೆಂಬುದು ತಿಳಿಯುವುದು.

ಮಳೆ ಇನ್ನೂ ಪೂರ್ತಿ ಹಿಂತಿರುಗದ ಅಕ್ಟೋಬರ್ ಮೊದಲ ವಾರದಲ್ಲಿ, ನವರಾತ್ರಿಗೆ ನೆಂಟರು ಬರುವ ಮೊದಲು ಕೆಲಸ ಮುಗಿಯಬೇಕೆಂದು ಅವಸರಪಡಿಸಿದವನು ನಾನೇ. ಪರಿಚಯದವರ ಮೂಲಕ ಬಂದ ಗುತ್ತಿಗೆದಾರರು ಒಪ್ಪಿಕೊಂಡರು. ಯಂತ್ರದಿಂದ ನೆಲ ಉಜ್ಜುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಗ್ರೈಂಡಿಂಗ್ ಎಲ್ಲ ಫ್ಯಾಕ್ಟರಿಯವರಿಗೆ ಸರ್, ಮನೆಗೆ ಆಸಿಡ್ ಹಾಕಿ ತೊಳೆದರೆ ಧಾರಾಳ ಸಾಕು" ಎಂದರು. ಇಬ್ಬರು ಹುಡುಗರು ಆಸಿಡ್ ಸುರಿದು ಹಿಡಿಸೂಡಿಯಿಂದ ಉಜ್ಜತೊಡಗಿದಾಗ ನೆಲವೆಲ್ಲ ಬುಸುಗುಟ್ಟಿ ನೊರೆಯೆದ್ದಿತು. ಹಳೆಯ ಕಾರಿನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕಿದ್ದ ಜಾಗದಲ್ಲಿ ಮಾತ್ರ ಒಂದು ಗುಳ್ಳೆಯೂ ಏಳಲಿಲ್ಲ. ಎಣ್ಣೆ ಹೀರಿಕೊಂಡ ಕಾಂಕ್ರೀಟನ್ನು ಆಸಿಡ್ ಮುಟ್ಟುವುದಿಲ್ಲವೆಂಬುದಕ್ಕೆ ಅದೇ ಸಾಕ್ಷಿಯಾಗಿತ್ತು, ಆದರೆ ನೋಡಿಯೂ ಅರ್ಥವಾಗಲಿಲ್ಲ. ಮೊದಲು ಡಿಗ್ರೀಸರ್ ಹಾಕಿ ಎಣ್ಣೆಯನ್ನು ತೆಗೆಯಬೇಕಿತ್ತು. ಆಸಿಡ್ಡಿನ ಅಂಶ ಉಳಿಯದಂತೆ ಸೋಡಾಪುಡಿ ಕರಗಿಸಿದ ನೀರಿನಿಂದ ತೊಳೆಯುವ ಕ್ರಮವನ್ನೂ ಅವರು ಪಾಲಿಸದೆ, ಪೈಪಿನಲ್ಲಿ ಒಮ್ಮೆ ನೀರು ಬಿಟ್ಟು ಗುಡಿಸಿದರು. (ಅಲ್ಲೇ ಗೋಡೆಗೆ ಒರಗಿಸಿದ್ದ ಮಗನ ಸೈಕಲ್ಲಿನ ಚೈನು ಎರಡೇ ದಿನದಲ್ಲಿ ತುಕ್ಕು ಹಿಡಿದದ್ದು ಆ ಹೊಗೆಯಿಂದಲೇ.)

ಮರುದಿನ ಮಧ್ಯಾಹ್ನ ನೆಲ ಬೆಳ್ಳಗಾಗಿ, ಒಣಗಿದಂತೆಯೇ ಕಂಡಿತು. ಕಂಡಿತು ಅಷ್ಟೆ. ಪ್ರೈಮರ್ ಬಳಿದು, ಸಂಜೆ ತುಂತುರು ಹನಿಯುತ್ತಿದ್ದಾಗಲೇ ಬೂದುಬಣ್ಣದ ಎಪಾಕ್ಸಿಯನ್ನೂ ರೋಲರಿನಿಂದ ಎಳೆದರು. ಗಾಳಿಯ ತೇವಾಂಶ ಶೇಕಡಾ 85ಕ್ಕಿಂತ ಹೆಚ್ಚಿರುವಾಗ ಈ ಕೆಲಸಕ್ಕೆ ಕೈಹಾಕಬಾರದೆಂಬುದು ಸಾಮಾನ್ಯ ನಿಯಮವೆಂದು ಆಮೇಲೆ ತಿಳಿಯಿತು. ಅವರು ತಂದದ್ದು ರೆಸಿನ್ ಎಂಬ ಮೂಲ ದ್ರವ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಎರಡೂ ಸೇರಿ ನಾಲ್ಕು ಲೀಟರಿನ ಒಂದೇ ಸೆಟ್. ಒಪ್ಪಂದದಲ್ಲಿದ್ದದ್ದು 300 ಮೈಕ್ರಾನ್ ದಪ್ಪದ ಪದರ (ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್). 300 ಚದರಡಿ ಎಂದರೆ ಹೆಚ್ಚುಕಡಿಮೆ 28 ಚದರ ಮೀಟರ್. ಒಂದು ಲೀಟರನ್ನು ಒಂದು ಚದರ ಮೀಟರಿಗೆ ಹರಡಿದರೆ ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ಆ ಲೆಕ್ಕದಲ್ಲಿ, ಒಂದು ತೊಟ್ಟೂ ಆರಿಹೋಗದಂಥ ಮಾಲನ್ನೇ ತಂದಿದ್ದರೂ ಎಂಟು ಲೀಟರಿಗಿಂತ ಹೆಚ್ಚು ಬೇಕಾಗಿತ್ತು. ನಾಲ್ಕು ಲೀಟರಿನಲ್ಲಿ 145 ಮೈಕ್ರಾನ್ ದಾಟುವುದು ಸಾಧ್ಯವೇ ಇಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಅಂಕಿಗಳ ನಡುವೆ ಕೆಲಸ ಮಾಡಿದ ನಾನು ಈ ಗುಣಾಕಾರವನ್ನು ಡಬ್ಬ ಖಾಲಿಯಾದ ಮೇಲೆ ಮಾಡಿದೆ.

ನವರಾತ್ರಿಯ ದಿನಗಳಲ್ಲಿ ನೆಲ ಕನ್ನಡಿಯಂತೆ ಹೊಳೆಯಿತು, ಬಂದವರೆಲ್ಲ ಹೊಗಳಿದರು. ಮೂರು ವಾರ ಕಳೆಯುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಗುಳ್ಳೆಗಳೆದ್ದವು. ಒಂದನ್ನು ಸೂಜಿಯಿಂದ ಚುಚ್ಚಿದಾಗ ಒಳಗಿನಿಂದ ನೀರು ಜಿನುಗಿತು. ಬೆರಳಿಗೆ ಸೋಪಿನ ನೀರಿನಂತೆ ಜಾರುವ ಕ್ಷಾರದ ನೀರು. ಮೇಲಿನಿಂದ ಬಿದ್ದ ನೀರು ಹಾಗಿರುವುದಿಲ್ಲ. ಕಾಂಕ್ರೀಟಿನೊಳಗಿನಿಂದ ಬಂದದ್ದು ಮಾತ್ರ ಹಾಗಿರುತ್ತದೆ.

ಫೆಬ್ರವರಿ ಕೊನೆಯಲ್ಲಿ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬಂದು, ಬಿಸಿ ಟಯರುಗಳಲ್ಲೇ ಕಾರನ್ನು ಒಳಗೆ ನಿಲ್ಲಿಸಿದ್ದೆ. ಬೆಳಿಗ್ಗೆ ಹಿಂದಕ್ಕೆ ತೆಗೆಯುವಾಗ ಬ್ಯಾಂಡೇಜು ಕಿತ್ತಂತೆ ಚರ್ರೆಂಬ ಸದ್ದಾಗಿ, ನಾಲ್ಕು ಚಕ್ರಗಳ ಅಡಿಯ ಬಣ್ಣವೂ ಟಯರಿಗಂಟಿಕೊಂಡು ಎದ್ದು ಬಂತು. ಆ ಚಕ್ಕೆಗಳನ್ನು ಎಸೆಯದೆ ಮಗುಚಿ ನೋಡಿದ್ದು ಒಳ್ಳೆಯದಾಯಿತು. ಎಣ್ಣೆ ಬಿದ್ದಿದ್ದ ಜಾಗದ ಚಕ್ಕೆಯ ಹಿಂಬದಿ ನುಣ್ಣಗಿತ್ತು, ಅಂದರೆ ಅಲ್ಲಿ ಬಣ್ಣ ಹಿಡಿದುಕೊಂಡೇ ಇರಲಿಲ್ಲ. ಉಳಿದ ಮೂರರ ಹಿಂಬದಿಗೆ ಬೂದಿಯಂಥ ಸಿಮೆಂಟಿನ ತೆಳು ಪೊರೆ ಅಂಟಿಕೊಂಡಿತ್ತು. ನೆಲವನ್ನು ನುಣುಪುಗೊಳಿಸಲು ಮೇಲೆ ಉದುರಿಸಿ ತೀಡುವ ಸಿಮೆಂಟಿನ ಬಲಹೀನ ಪದರವದು. ಬಣ್ಣ ಅದನ್ನು ಹಿಡಿದಿತ್ತು, ಅದು ಮಾತ್ರ ಕಾಂಕ್ರೀಟನ್ನು ಹಿಡಿದಿರಲಿಲ್ಲ. ವಜ್ರದ ಹಲ್ಲುಗಳಿರುವ ಗ್ರೈಂಡಿಂಗ್ ಯಂತ್ರದಿಂದ ತೆಗೆಯಬೇಕಾದದ್ದು ಈ ಪೊರೆಯನ್ನೇ. ಗುತ್ತಿಗೆದಾರರಿಗೆ ಫೋನು ಮಾಡಿದರೆ, "ಕಾರು ಬಿಸಿಯಿರುವಾಗ ನಿಲ್ಲಿಸಬಾರದಿತ್ತು ಸರ್" ಎಂಬ ಉತ್ತರ ಬಂತು. ಬಿಸಿ ಕಾರನ್ನು ನಿಲ್ಲಿಸಲಾಗದ ಕಾರ್ ಶೆಡ್ಡನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಅವರು ಫೋನು ಎತ್ತಲಿಲ್ಲ. ಪೂರ್ತಿ ಹಣ ಅಕ್ಟೋಬರಿನಲ್ಲೇ ಕೊಟ್ಟು ಮುಗಿಸಿದ್ದೆನಾದ್ದರಿಂದ ಅವರಿಗೆ ಎತ್ತುವ ಅಗತ್ಯವೂ ಇರಲಿಲ್ಲ.

ಇದಿಷ್ಟನ್ನೂ ತಪ್ಪಿಸಲು ಬೇಕಾಗಿದ್ದದ್ದು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮತ್ತು ಒಂದು ಸುರುಳಿ ಟೇಪು. ಹಾಳೆಯ ನಾಲ್ಕು ಅಂಚುಗಳನ್ನೂ ಗಾಳಿಯಾಡದಂತೆ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದಾಗ ಅದರ ಒಳಮೈಯಲ್ಲಿ ಹನಿಗಳಿದ್ದರೆ, ಇಲ್ಲವೇ ನೆಲದ ಬಣ್ಣ ಅಲ್ಲಿ ಕಪ್ಪಿಟ್ಟಿದ್ದರೆ, ಬಳಿಯುವ ಮಾತೇ ಇಲ್ಲ. ಹೊಸ ಕಾಂಕ್ರೀಟಾದರೆ 28 ದಿನ ಕಾದ ಮೇಲೂ ಈ ಪರೀಕ್ಷೆ ಬೇಕು. ನೆಲ ಬಣ್ಣವನ್ನು ಹೀರುತ್ತದೆಯೇ ಎಂದು ತಿಳಿಯಲು ಅಲ್ಲಲ್ಲಿ ಚಮಚ ನೀರು ಚೆಲ್ಲಿ ನೋಡಬಹುದು. ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿ ನಿಂತರೆ ಅಲ್ಲಿ ಎಣ್ಣೆಯೋ ಹಳೆಯ ಲೇಪವೋ ಇದೆಯೆಂದು ತಿಳಿಯಬೇಕು. ಈ ಪರೀಕ್ಷೆಗಳನ್ನು ನಿಮ್ಮೆದುರಿಗೇ ಮಾಡಲೊಪ್ಪದವರಿಗೆ ಕೆಲಸ ಕೊಡಬೇಡಿ; ಡಬ್ಬಗಳನ್ನು ಎಣಿಸಿಕೊಳ್ಳಿ; ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಷರತ್ತನ್ನು ಕಾಗದದಲ್ಲಿ ಬರೆಸಿ.

ಮಾರ್ಚಿನಲ್ಲಿ ಬೇರೆಯವರನ್ನು ಕರೆಸಿ, ಧೂಳು ಹೀರುವ ಯಂತ್ರ ಜೋಡಿಸಿ ನೆಲವನ್ನೆಲ್ಲ ಗ್ರೈಂಡ್ ಮಾಡಿಸಿದ್ದೇನೆ. ಈಗ ಅದು ಉಪ್ಪುಕಾಗದದಂತೆ ಕೈಗೆ ತರಿತರಿಯಾಗಿ ಸಿಗುತ್ತದೆ. ಕಳೆದ ವಾರ, ಏಪ್ರಿಲ್ ತಿಂಗಳ ಬಿರುಬಿಸಿಲಿನಲ್ಲಿ, ನಾಲ್ಕು ಕಡೆ ಹಾಳೆ ಅಂಟಿಸಿ ನೋಡಿದೆ. ಮೂರು ಒಣಗಿದ್ದವು, ಒಗೆಯುವ ಕಲ್ಲಿನ ಪಕ್ಕದ ನಾಲ್ಕನೆಯದರ ಅಡಿಯಲ್ಲಿ ಸಾಲಾಗಿ ಹನಿಗಳಿದ್ದವು. ಬಳಿಯಲು ದರ ಹೇಳಿಹೋದವರಿಗೆ ಬೇಡವೆಂದು ತಿಳಿಸಿದ್ದೇನೆ.