ಟಿಲ್ಲರ್ ಸ್ಟಾರ್ಟ್ ಆಗ್ತಿಲ್ಲ ಅಂತ ಸ್ಪ್ರೇ ಹೊಡೆಯಬೇಡಿ, ನನ್ನ ಬಲಗೈ ಕಥೆ ಕೇಳಿ

ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದು ಇದು ನಾಲ್ಕನೇ ವಾರ. ಹಳೇ ಟಿಲ್ಲರ್ (ಹಿಡಿದು ನಡೆಸುವ ಉಳುವ ಯಂತ್ರ) ಇಟ್ಟುಕೊಂಡು ಚಳಿಗಾಲದ ಬೆಳಿಗ್ಗೆ ಅದರ ಜೊತೆ ಗುದ್ದಾಡುವವರೆಲ್ಲ ಇದನ್ನೊಮ್ಮೆ ಓದಿ.

ನಮ್ಮದು ಸಾಗರದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ, ಕೆಳಗೆ ಸ್ವಲ್ಪ ಗದ್ದೆ. ಟಿಲ್ಲರ್ ಅಪ್ಪ 1999ರಲ್ಲಿ ತಂದದ್ದು. 13 ಎಚ್‌ಪಿ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಸೆಲ್ಫ್ ಸ್ಟಾರ್ಟರ್ ಇಲ್ಲ, ಎಂಜಿನ್ನಿಗೆ ಹ್ಯಾಂಡಲ್ ಸಿಕ್ಕಿಸಿ ಕೈಯಲ್ಲಿ ತಿರುಗಿಸಿ, ಅಂದರೆ ಹ್ಯಾಂಡಲ್ ಹೊಡೆದೇ ಚಾಲೂ ಮಾಡಬೇಕು. ಈಗೀಗ ಹೂಟಿಗಿಂತ ಟ್ರೈಲರ್ ಕಟ್ಟಿಕೊಂಡು ಅಡಿಕೆ ಗೊನೆ ಸಾಗಿಸುವುದಕ್ಕೇ ಅದು ಹೆಚ್ಚು ಬೇಕು.

ಹೋದ ವರ್ಷದಿಂದ ಬೆಳಗಿನ ಹೊತ್ತು ತಕರಾರು ಶುರುವಾಯಿತು. ಮಧ್ಯಾಹ್ನ ಬಿಸಿ ಇದ್ದಾಗ ನಿಲ್ಲಿಸಿ ಮತ್ತೆ ಹೊಡೆದರೆ ಒಂದೇ ಸಲಕ್ಕೆ ಹಿಡಿಯುತ್ತಿತ್ತು. ಬೆಳಿಗ್ಗೆ ಏಳಕ್ಕೆ ಮಾತ್ರ ಹದಿನೈದು ಇಪ್ಪತ್ತು ಸಲ ಹೊಡೆದರೂ ಸೈಲೆನ್ಸರಿನಿಂದ ಬರೀ ಬಿಳಿ ಹೊಗೆ. ಆ ಬಿಳಿ ಹೊಗೆಯೇ ಉತ್ತರ ಹೇಳುತ್ತಿತ್ತು, ನನಗೆ ಓದಲು ಬರಲಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆ, ಡೀಸೆಲ್ ಪೈಪಿನಲ್ಲಿದ್ದ ಏರ್ ತೆಗೆದೆ, ಡೀಸೆಲ್ ಸಿಡಿಸುವ ನಾಝಲ್ ಬಿಚ್ಚಿ ತೊಳೆಸಿದೆ. ಏನೂ ಫರಕಾಗಲಿಲ್ಲ.

ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಪೇಟೆಯ ಬಿಡಿಭಾಗದ ಅಂಗಡಿಗೆ ಹೋದಾಗ ಅಲ್ಲಿಯವರು ಒಂದು ಸ್ಪ್ರೇ ಡಬ್ಬ ಕೈಗಿಟ್ಟರು. "ಏರ್ ಕ್ಲೀನರಿಗೆ ಎರಡು ಸೆಕೆಂಡ್ ಹೊಡೀರಿ ಅಣ್ಣಾ, ಸತ್ತ ಎಂಜಿನ್ನೂ ಎದ್ದು ಕೂರುತ್ತೆ." ಎದ್ದು ಕೂತಿತು, ಸುಳ್ಳಲ್ಲ. ಮೊದಲ ದಿನ ಎರಡನೇ ಸಲಕ್ಕೇ ಹಿಡಿಯಿತು. ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ 'ಟಣ್' ಅಂತ ಶಬ್ದ ಬಂತು, ಆಮೇಲೆ ಸರಿಹೋಯಿತು. ಖುಷಿಯಲ್ಲಿ ಆ ಶಬ್ದವನ್ನು ಮರೆತೆ. ವಾರ ಕಳೆಯುವಷ್ಟರಲ್ಲಿ ಸ್ಪ್ರೇ ಇಲ್ಲದೆ ಎಂಜಿನ್ ಏಳುವುದೇ ಇಲ್ಲ ಎನ್ನುವಂತಾಯಿತು. ಎರಡು ಸೆಕೆಂಡ್ ಇದ್ದದ್ದು ನಾಲ್ಕಾಯಿತು, ಐದಾಯಿತು.

ಹನ್ನೊಂದನೇ ದಿನ ಹ್ಯಾಂಡಲ್ ಉಲ್ಟಾ ಹೊಡೆಯಿತು.

ಆಗಿದ್ದೇನು ಎಂದು ಈಗ ಗೊತ್ತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಅಮುಕಿ ಕಾಯಿಸಿದ ಮೇಲೆ, ಸರಿಯಾದ ಕ್ಷಣಕ್ಕೆ ನಾಝಲ್ ಡೀಸೆಲ್ ಸಿಡಿಸುತ್ತದೆ, ಆಗ ಬೆಂಕಿ ಹತ್ತುತ್ತದೆ. ಆ ಡಬ್ಬದಲ್ಲಿರುವುದು ಈಥರ್. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಮೇಲೆ ಬೇಕು, ಈಥರಿಗೆ 160ರಿಂದ 180 ಸಾಕು. ಅದೂ ನಾಝಲಿಗೆ ಕಾಯುವುದಿಲ್ಲ, ಗಾಳಿಯ ಜೊತೆಗೇ ಒಳಗೆ ಹೋಗಿ ತುಂಬಿಕೊಂಡಿರುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಪೂರ್ತಿ ಒಮ್ಮೆಗೇ ಸಿಡಿದರೆ ಪಿಸ್ಟನ್ ಬಂದ ದಾರಿಯಲ್ಲೇ ವಾಪಸ್. ಹ್ಯಾಂಡಲಿನ ತುದಿಯಲ್ಲಿ ಓರೆಯಾಗಿ ಕಚ್ಚು ಕಡಿದಿರುತ್ತಾರಲ್ಲ, ಎಂಜಿನ್ ಮುಂದಕ್ಕೆ ಓಡಿದರೆ ಆ ಓರೆ ತಾನಾಗಿ ಜಾರಿ ಹ್ಯಾಂಡಲನ್ನು ಬಿಟ್ಟುಬಿಡುತ್ತದೆ. ಹಿಂದಕ್ಕೆ ತಿರುಗಿದರೆ ಜಾರುವುದಿಲ್ಲ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕೈಯೂ ಅದರ ಜೊತೆಗೇ ಹೋಗುತ್ತದೆ.

ನನ್ನ ಹೆಬ್ಬೆರಳು ಹ್ಯಾಂಡಲನ್ನು ಸುತ್ತಿ ಹಿಡಿದಿತ್ತು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಯ ಮೂಳೆಯ ತುದಿ ಮುರಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು ನಕ್ಕರು. ಕಾರಿಗೆ ಹ್ಯಾಂಡಲ್ ಹೊಡೆಯುತ್ತಿದ್ದ ಕಾಲದಲ್ಲಿ ಡ್ರೈವರುಗಳಿಗೆ ಇದೇ ಜಾಗ ಮುರಿಯುತ್ತಿತ್ತಂತೆ, ಅದಕ್ಕೇ ಇದಕ್ಕೆ 'ಶೋಫರ್ ಫ್ರಾಕ್ಚರ್' ಎಂದು ಹೆಸರು. ಕ್ಯಾಡಿಲಾಕ್ ಕಾರಿಗೆ 1912ರಲ್ಲೇ ಸೆಲ್ಫ್ ಬಂತು, ನಮ್ಮ ಮನೆ ಟಿಲ್ಲರಿಗೆ ಇನ್ನೂ ಬಂದಿಲ್ಲ!

ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಮೇಲಿನ ರಿಂಗ್ ಮೂರು ತುಂಡು, ಪಿಸ್ಟನ್ ಅಂಚು ಚಕ್ಕೆ ಎದ್ದಿತ್ತು, ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರಿನಲ್ಲಿ ಗೀರು. ಎಲ್ಲ ಸೇರಿ 14,500 ರೂಪಾಯಿ. ಕೊಯ್ಲಿಗೆ ಬಾಡಿಗೆ ಗಾಡಿ ಕರೆಸಿದ ಲೆಕ್ಕ ಬೇರೆ.

ಹೊಟ್ಟೆ ಉರಿಯುವುದು ಇದಕ್ಕಲ್ಲ, ಮೂಲ ಕಾಯಿಲೆಗೆ. ಬಿಚ್ಚುವ ಮೊದಲು ವಯಸ್ಸಾದ ಮೇಸ್ತ್ರಿಯೊಬ್ಬರು ಬಂದಿದ್ದರು. ಸ್ಪ್ಯಾನರನ್ನೇ ಮುಟ್ಟಲಿಲ್ಲ. ಹ್ಯಾಂಡಲ್ ಹಗುರಾಗಲಿ ಅಂತ ವಾಲ್ವನ್ನು ಎತ್ತಿ ಹಿಡಿಯುವ ಡಿಕಂಪ್ರೆಷನ್ ಲಿವರನ್ನು ಮುಟ್ಟದೆ ಹ್ಯಾಂಡಲನ್ನು ನಿಧಾನ ತಿರುಗಿಸಿದರು. ಚೆನ್ನಾಗಿರುವ ಎಂಜಿನ್ ಒಂದು ಕಡೆ ಕಲ್ಲಿಗೆ ತಾಗಿದ ಹಾಗೆ ತಡೆಯಬೇಕು, ನಮ್ಮದು ಮೆತ್ತಗೆ ದಾಟಿಹೋಗುತ್ತಿತ್ತು. "ಬಿಳಿ ಹೊಗೆ ಬರ್ತಿತ್ತು ಅಂದ್ರೆ ಡೀಸೆಲ್ ಬರ್ತಾ ಇತ್ತು ಅಂತಲೇ ಅಲ್ಲವಾ ಮಾರಾಯ್ರೇ? ಅದನ್ನ ಸುಡೋ ಬಿಸಿ ಇರಲಿಲ್ಲ ಅಷ್ಟೇ" ಎಂದರು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ದಾರಿ ನೋಡಬೇಕು, ಹೊಗೆ ಇದ್ದೂ ಹಿಡಿಯದಿದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಸರಿಯಾಗಿ ಅಮುಕುತ್ತಿದೆಯೋ ಇಲ್ಲವೋ ನೋಡಬೇಕು. ನಾನು ಮಾಡಿದ್ದು ಪೂರ್ತಿ ತಿರುಗಾಮುರುಗಾ.

ಆಮೇಲೆ ನನ್ನನ್ನೂ ಕಿವಿಗೊಡಲು ಕರೆದರು. ತಡೆಯುವ ಹಂತದಲ್ಲಿ ಹ್ಯಾಂಡಲನ್ನು ಒತ್ತಿ ಹಿಡಿದಾಗ 'ಸುಸ್' ಎನ್ನುವ ಶಬ್ದ ಎಲ್ಲಿಂದ ಬರುತ್ತದೆ ನೋಡಬೇಕು. ಏರ್ ಕ್ಲೀನರಿನಿಂದ ಬಂದರೆ ಒಳಗೆಳೆಯುವ ವಾಲ್ವ್, ಸೈಲೆನ್ಸರಿನಿಂದ ಬಂದರೆ ಹೊರಬಿಡುವ ವಾಲ್ವ್. ಆಯಿಲ್ ಹಾಕುವ ಬಾಯಿಂದ ಬಂದರೆ ರಿಂಗ್. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ ಎಂಜಿನ್ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್. ನಮ್ಮದರಲ್ಲಿ ಆಯಿಲ್ ಬಾಯಿಂದಲೂ ಬಂತು, ಅದು ಸ್ಪ್ರೇ ಮಾಡಿದ ಉಪಕಾರ. ಸೈಲೆನ್ಸರಿನಿಂದಲೂ ಬಂತು, ಅದೇ ಹಳೇ ಕಾಯಿಲೆ. ಹೆಡ್ ಮೇಲಿನ ಮುಚ್ಚಳ ತೆಗೆದು ನೋಡಿದರೆ ಹೊರಬಿಡುವ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಟ್ಯಾಪೆಟ್ ಸಂದಿಯಲ್ಲಿ, ಸಂದಿ ಅಳೆಯುವ ಫೀಲರ್ ಗೇಜಿನ 0.05 ಮಿ.ಮೀ. ಎಲೆಯೂ ತೂರಲಿಲ್ಲ. ವಾಲ್ವ್ ಸವೆದು ಸೀಟಿನೊಳಗೆ ಇಳಿಯುತ್ತಾ ಹೋದ ಹಾಗೆ ಸಂದಿ ಮಾಯವಾಗಿ, ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಎಂಜಿನ್ ಬಿಸಿ ಇದ್ದಾಗ ಹೇಗೋ ನಡೆಯುತ್ತಿತ್ತು, ತಣ್ಣಗಿದ್ದಾಗ ಇಲ್ಲ. ಮೊದಲೇ ನೋಡಿದ್ದರೆ ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆಯ ಕೆಲಸ. ಸಂದಿ ಎಷ್ಟಿರಬೇಕು ಎನ್ನುವುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ, ನಿಮ್ಮ ಟಿಲ್ಲರಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಡಿಕಂಪ್ರೆಷನ್ ಲಿವರ್ ಪೂರ್ತಿ ವಾಪಸ್ ಬರುತ್ತದೋ ಇಲ್ಲವೋ ಅದನ್ನೂ ನೋಡಿ. ಅದು ಕೂದಲೆಳೆಯಷ್ಟು ವಾಲ್ವನ್ನು ಎತ್ತಿ ಹಿಡಿದಿದ್ದರೂ ಇದೇ ಕಥೆ.

ಎಂಜಿನ್ ಏಳಲಿ ಅಂತ ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಅದೂ ಬೇಡ. ಲೈನರಿನ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತದೆ, ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಮುಗಿಯಿತು. ತೀರಾ ಚಳಿ ಇದ್ದರೆ ರೇಡಿಯೇಟರಿನ ನೀರು ಇಳಿಸಿ ಬಿಸಿ ನೀರು ಹಾಕಿ. ಕುದಿಯುವ ನೀರಲ್ಲ, ಸ್ನಾನದ ನೀರಿಗಿಂತ ಒಂಚೂರು ಬಿಸಿ. ಅಪ್ಪ ಇದನ್ನೇ ಮಾಡುತ್ತಿದ್ದರು, ನಾವು ನಗುತ್ತಿದ್ದೆವು.

ನನ್ನ ಪ್ಲಾಸ್ಟರ್ ಬಿಚ್ಚಲು ಇನ್ನೆರಡು ವಾರ ಇದೆ. ಅಲ್ಲಿಯವರೆಗೆ ಹ್ಯಾಂಡಲ್ ಹೊಡೆಯುವುದು ತಮ್ಮನ ಮಗ. ನಿನ್ನೆ ಬೆಳಿಗ್ಗೆ ಆರೂವರೆಗೆ, ಮಂಜು ಇನ್ನೂ ತೋಟದಲ್ಲೇ ಕೂತಿದ್ದಾಗ, ಮೂರನೇ ಸಲಕ್ಕೆ ಹಿಡಿಯಿತು. ನಾಲ್ಕು ಬೆರಳಿನ ಕಡೆಗೇ ಹೆಬ್ಬೆರಳನ್ನೂ ಇಟ್ಟುಕೋ ಅಂತ ಎಷ್ಟು ಹೇಳಿದರೂ ಮರೆತು ಸುತ್ತಿ ಹಿಡಿಯುತ್ತಾನೆ. ಜಗಲಿಯಿಂದ ದಿನಾ ಕೂಗುತ್ತಿದ್ದೇನೆ.